ಬೀಸದ ಕೈ

ನಡೆಯುವಾಗ ಅವಳ ಎಡಗೈ ಬೀಸುತ್ತಿರಲಿಲ್ಲ. ಬಲಗೈ ಹಾಯಾಗಿ ಹಿಂದೆ ಮುಂದೆ ಆಡುತ್ತಿತ್ತು, ಎಡಗೈ ಮಾತ್ರ ಮೈಗಂಟಿಕೊಂಡು ಸುಮ್ಮನಿತ್ತು. ಅದು ಕಣ್ಣಿಗೆ ಬಿದ್ದ ಮೇಲೆ ನನಗೆ ನೆಮ್ಮದಿಯಿಲ್ಲ.

ಬೇರೆಯವರು ಹುಡುಗಿಯ ಕಣ್ಣು ನೋಡುತ್ತಾರೆ. ನಾನು ನಡಿಗೆ ನೋಡುತ್ತೇನೆ. ನರರೋಗದ ಡಾಕ್ಟರು ನಾನು. ಪಾರ್ಕಿನ್ಸನ್ ಕಾಯಿಲೆ ಕೈ ನಡುಗಿಸುವ ಮೊದಲೇ ನಡಿಗೆಯಲ್ಲಿ ಹೇಗೆ ಸುಳಿವು ಕೊಡುತ್ತದೆ ಎಂಬುದೇ ನನ್ನ ಸಂಶೋಧನೆ. ಒಂದು ಕೈ ಬೀಸುವುದನ್ನು ಮರೆಯುವುದು ಅಂಥ ಸುಳಿವು.

ಅವಳ ಅಪ್ಪನಿಗೆ ಆ ಕಾಯಿಲೆ ಇದೆ. ಪ್ರತಿ ಗುರುವಾರ ಅವರನ್ನು ನಮ್ಮ ಲ್ಯಾಬಿಗೆ ಕರೆತರುತ್ತಾಳೆ. ಅವರು ನಡೆದು ದಣಿದು ಕೂತಾಗ ನಾವಿಬ್ಬರೂ ಟೀ ತರಲು ಹೋಗುತ್ತೇವೆ. ಆ ಉದ್ದನೆಯ ಕಾರಿಡಾರಿಗಾಗಿ ನಾನು ವಾರವಿಡೀ ಕಾಯುತ್ತಿದ್ದೆ.

"ಏನ್ ಡಾಕ್ಟ್ರೇ, ನನ್ನ ಕೈ ಮೇಲೇ ಕಣ್ಣು? ಉಂಗುರ ಕೊಡಿಸೋ ಯೋಚನೆನಾ?"

"ಏನಿಲ್ಲ."

"ಏನಿಲ್ಲ ಅನ್ನೋ ಮುಖಾನಾ ಇದು?"

ಹೇಳಿದರೆ ಆ ನಗು ಹೋಗುತ್ತದೆ. ಹೇಳದಿದ್ದರೆ ನಾನು ಯಾವ ಸೀಮೆ ಡಾಕ್ಟರು? ಆ ವಾರ ಊಟ ಸೇರಲಿಲ್ಲ. ದಾರಿಹೋಕರ ಕೈಗಳನ್ನೇ ನೋಡುತ್ತ ನಿಂತು ಬಸ್ಸು ತಪ್ಪಿಸಿಕೊಂಡೆ.

ಮುಂದಿನ ಗುರುವಾರ ಕೇಳಿಯೇ ಬಿಟ್ಟೆ. "ಒಂದ್ಸಲ ನೀವೂ ನಡೀತೀರಾ? ಆರೋಗ್ಯವಾಗಿರೋರ ನಡಿಗೇನೂ ಬೇಕು."

ಕೈ ಬೀಸುವುದನ್ನು ಸ್ಕ್ರೀನಿನಲ್ಲಿ ಗೆರೆಯಾಗಿ ತೋರಿಸುವ ಸೆನ್ಸರುಗಳನ್ನು ಅವಳ ಮಣಿಕಟ್ಟುಗಳಿಗೆ ಕಟ್ಟಿದೆ. ನಡೆದಳು. ಎರಡು ಕೈಯೂ ಚೆನ್ನಾಗಿ ಬೀಸಿದವು. ಇನ್ನೊಮ್ಮೆ ನಡೆಸಿದೆ, ಹಾಗೇ. ತಲೆ ಕೆಟ್ಟು, ಕಾರಿಡಾರಿನಲ್ಲಿರುವಂತೆ ಅವಳ ಎಡಕ್ಕೆ ನಾನೂ ನಡೆದೆ. ಎಡಗೈ ನಿಂತಿತು. ಬಲಕ್ಕೆ ಬಂದೆ. ಬಲಗೈ ನಿಂತಿತು, ಎಡಗೈ ಬೀಸತೊಡಗಿತು.

ನಾನು ನಿಂತ ಕಡೆ ನೋಡಿ ಕೈ ಬದಲಿಸುವ ಕಾಯಿಲೆ ಯಾವ ಪುಸ್ತಕದಲ್ಲೂ ಇಲ್ಲ.

"ನಾನು ಪಕ್ಕಕ್ಕೆ ಬಂದ್ರೆ ನಿಮ್ಮ ಕೈ ಯಾಕೆ ನಿಂತುಬಿಡುತ್ತೆ?"

ಅವಳು ಕೆಂಪಾದಳು. "ಮೊದಲನೇ ದಿನ ನನ್ನ ಕೈ ನಿಮಗೆ ತಗುಲ್ತು. ನೀವು ಶಾಕ್ ಹೊಡೆದೋರ ಹಾಗೆ ಸರಿದು ಸಾರಿ ಅಂದ್ರಿ. ಅವತ್ತಿಂದ ಹುಷಾರಾಗಿ ಹಿಡಿದಿಟ್ಕೊಂಡಿದ್ದೀನಿ." ಆಮೇಲೆ ಮೆಲ್ಲಗೆ ಸೇರಿಸಿದಳು. "ಹಿಡಿಯೋರಿಗೂ ಸುಲಭ ಆಗ್ಲಿ ಅಂತ."

ನಾನು ನಿಜ ಹೇಳಿಬಿಟ್ಟೆ. "ಅಪ್ಪನ ಕಾಯಿಲೆ ನಿಮಗೂ ಶುರುವಾಗಿದೆ ಅಂದ್ಕೊಂಡಿದ್ದೆ ಕಣ್ರೀ."

ಅವಳ ನಗು ನಿಂತಿತು. "ಶುರುವಾಗಿದ್ದಿದ್ರೆ?"

"ಆಗಿದ್ರೂ ಈ ಕೈ ಹಿಡೀಬೇಕು ಅಂತಲೇ ಇವತ್ತು ಬಂದಿದ್ದು."

"ಇಲ್ಲ ಅಂತ ಗೊತ್ತಾಯ್ತಲ್ಲ. ಇನ್ನೇನು ತಡ?"

ಮತ್ತೆ ಅವಳ ಎಡಕ್ಕೆ ಬಂದು ಕೈ ಹಿಡಿದೆ. ಮೂಲೆಯ ಕುರ್ಚಿಯಲ್ಲಿದ್ದ ಅವಳ ಅಪ್ಪ, ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಅದುಮಿಕೊಂಡು ಗಂಟಲು ಸರಿಮಾಡಿಕೊಂಡರು.

"ಇಷ್ಟು ದಿನ ನನ್ನ ನಡಿಗೆ ನೀವು ನೋಡಿದ್ರಿ ಡಾಕ್ಟ್ರೇ. ಈಗ ಇಬ್ಬರೂ ನಡೀರಿ, ನಾನು ನೋಡ್ತೀನಿ."

ನಡೆದೆವು. ಸ್ಕ್ರೀನಿನಲ್ಲಿ ಅವಳ ಎಡಗೈಯ ಗೆರೆ ಏನಾಯಿತೋ, ನಾನು ತಿರುಗಿ ನೋಡಲಿಲ್ಲ.