ಹಗುರವಾಗಿದ್ದ ಬಾಟಲಿ

ಮಾರ್ಚ್ ಹನ್ನೊಂದು, ಬೆಳಿಗ್ಗೆ ಹತ್ತೂವರೆ. ಠಾಣೆಗೆ ಬಂದವನು ಕೂರಲಿಲ್ಲ. ಕೈಯಲ್ಲಿದ್ದ ಚೀಲವನ್ನು ಇನ್‌ಸ್ಪೆಕ್ಟರರ ಮೇಜಿನ ಮೇಲೆ ಸುರಿದ. ಬಿಳಿ ಕೋಟು. ಎರಡು ತೋಳೂ ಸುಟ್ಟು ಕರಕಲಾಗಿದ್ದವು.

“ನನ್ನ ಹೆಂಡತೀದು. ನಿನ್ನೆ ಲ್ಯಾಬ್‌ನಲ್ಲಿ ಬೆಂಕಿ ಹತ್ಕೊಳ್ತು. ಅಲ್ಲಿರೋರೆಲ್ಲ ಆಕಸ್ಮಿಕ ಅಂತಿದಾರೆ. ಅವಳು ಸುರಿದಿದ್ದು ಕ್ಲೋರೋಫಾರ್ಮ್. ಅದು ಹಾಗೆ ಹತ್ತಿ ಉರಿಯಲ್ಲ ಸಾರ್.”

“ನೀವೇನು ವಿಜ್ಞಾನಿನಾ?”

“ಬಸ್ ಕಂಡಕ್ಟರ್. ಅವಳೇ ಹೇಳಿದ್ದು. ದೂರು ಬರ್ಕೊಳ್ತೀರೋ, ಮೇಲಿನವರ ಹತ್ರ ಹೋಗ್ಲೋ?”

“ದನಿ ತಗ್ಗಿಸಿ. ಬರ್ಕೊಳ್ತೀವಿ.”

ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ಕಾನ್‌ಸ್ಟೇಬಲ್‌ನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದರು. ದಿನಾ ನುಣ್ಣಗೆ ಬೋಳಿಸಿಕೊಂಡು ಬರುತ್ತಿದ್ದ ಆ ಕಾನ್‌ಸ್ಟೇಬಲ್‌ನನ್ನು ಠಾಣೆಯಲ್ಲಿ ಎಲ್ಲರೂ ಕರೆಯುತ್ತಿದ್ದುದು ಮೀಸೆ ಎಂದೇ.

ಗಾಯಾಳುವಿನ ಎರಡೂ ಕೈಗೆ ಭುಜದವರೆಗೆ ಬ್ಯಾಂಡೇಜು. ಗಿಡದ ಎಲೆಯಲ್ಲಿದ್ದ ಔಷಧದ ಅಂಶವನ್ನು ಕ್ಲೋರೋಫಾರ್ಮಿನಲ್ಲಿ ಕರಗಿಸಿ ತೆಗೆಯುವುದು ಅವಳ ಸಂಶೋಧನೆ. ಬೀಕರಿಗೆ ಸುರಿದು, ಬಾಟಲಿಗೆ ಮುಚ್ಚಳ ಹಾಕಿ ಕಪಾಟಿನಲ್ಲಿಟ್ಟು, ಬೀಕರನ್ನು ಹಾಟ್‌ಪ್ಲೇಟಿನ ಹತ್ತಿರ ಒಯ್ದಿದ್ದಳು. ಅಷ್ಟೇ ನೆನಪು.

“ವಾಸನೆ ಗೊತ್ತಾಗ್ಲಿಲ್ವಾ?”

“ನೆಗಡಿ ಸಾರ್. ಮಾಸ್ಕ್ ಬೇರೆ ಹಾಕ್ಕೊಂಡಿದ್ದೆ.” ಆಮೇಲೆ ನೆನಪಿಸಿಕೊಂಡು ಹೇಳಿದಳು: “ಬಾಟಲಿ ಮಾತ್ರ ಯಾಕೋ ಹಗುರ ಅನ್ನಿಸ್ತು.”

“ಯಾರ ಮೇಲಾದ್ರೂ ಅನುಮಾನ?”

ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು.

ಲ್ಯಾಬಿನ ಬಾಗಿಲಲ್ಲಿ ಪ್ರೊಫೆಸರ್ ಅಡ್ಡ ನಿಂತರು. “ಇದು ಸಂಶೋಧನೆ ನಡೆಯೋ ಜಾಗ. ಹೀಗೆಲ್ಲ ಬೂಟು ಹಾಕ್ಕೊಂಡು ನುಗ್ಗಬಾರದು.”

“ನುಗ್ಗಿ ಆಯ್ತು. ಪಕ್ಕಕ್ಕೆ ಸರೀರಿ.”

ಪಂಚನಾಮೆ ಶುರುವಾಯಿತು. ಕಪಾಟಿನಲ್ಲಿದ್ದ ಕಂದು ಬಾಟಲಿಯ ಮೇಲೆ ಕ್ಲೋರೋಫಾರ್ಮ್ ಎಂಬ ಚೀಟಿ ಇತ್ತು. ವಿಧಿವಿಜ್ಞಾನದ ತಜ್ಞೆ ಅದರಿಂದ ಕೆಲವು ಹನಿಗಳನ್ನು ನೀರಿಗೆ ಬಿಟ್ಟಳು.

“ಕ್ಲೋರೋಫಾರ್ಮ್ ಆಗಿದ್ರೆ ತಳಕ್ಕೆ ಇಳೀಬೇಕಿತ್ತು. ಇದು ಮೇಲೆ ತೇಲ್ತಿದೆ. ತೂಕದಲ್ಲೂ ಅದರ ಅರ್ಧ. ಈಥರ್ ಇರ್ಬೇಕು.”

“ಹತ್ಕೊಳ್ಳುತ್ತಾ?”

“ಕಾದ ತಟ್ಟೆ ಸಾಕು. ಕಿಡಿನೂ ಬೇಕಿಲ್ಲ.”

ಈಥರ್ ಇಡುವ ಬೀರುವಿಗೆ ಬೀಗ. ಕೀಲಿ ಎರಡು, ಒಂದು ಪ್ರೊಫೆಸರರ ಬಳಿ, ಇನ್ನೊಂದು ಎಲ್ಲರೂ ಅಕ್ಕ ಎಂದು ಕರೆಯುತ್ತಿದ್ದ ಹಿರಿಯ ಸಂಶೋಧಕಿಯ ಬಳಿ. ಪ್ರೊಫೆಸರ್ ಸಿಡಿದುಬಿದ್ದರು: “ನನ್ನನ್ನೇ ಕೇಳ್ತೀರಾ?” ಅಕ್ಕ ತಣ್ಣಗೆ ಹೇಳಿದಳು: “ಕೀಲಿ ಎಲ್ಲಿರುತ್ತೆ ಅಂತ ಇಲ್ಲಿ ಎಲ್ಲರಿಗೂ ಗೊತ್ತು.”

ಸುಟ್ಟ ಮೇಜಿನ ಪಕ್ಕದ ಮೇಜನ್ನು ನೋಡುತ್ತಿದ್ದ ಮೀಸೆ ಮೆಲ್ಲಗೆ ಕರೆದ. “ಸಾರ್, ಇಲ್ಲಿ ಯಾವುದೋ ಪೆಟ್ಟಿಗೆಯ ನಾಲ್ಕು ಕಾಲಿನ ಗುರುತಿದೆ. ಗುರುತಿನ ಮೇಲೂ ಮಸಿ ಕೂತಿದೆ. ಅಂದ್ರೆ ಬೆಂಕಿಗೆ ಮುಂಚೆಯೇ ಎತ್ತಿದಾರೆ.”

ಅಟೆಂಡರ್ ತಡವರಿಸುತ್ತಾ ಒಪ್ಪಿಕೊಂಡ. ಅದು ಅಕ್ಕನ ಜೀವಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆ. ಬೆಂಕಿ ಬಿದ್ದ ದಿನ ಬೆಳಿಗ್ಗೆಯೇ ಅವಳು ಹೇಳಿದಳೆಂದು ಅವನೇ ಹೊತ್ತು ಆಚೆ ಕೋಣೆಯಲ್ಲಿಟ್ಟಿದ್ದ.

ಇನ್‌ಸ್ಪೆಕ್ಟರ್ ಮತ್ತೆ ಆಸ್ಪತ್ರೆಗೆ ಹೋದರು. ಪೆಟ್ಟಿಗೆಯ ವಿಷಯ ಕೇಳಿ ಗಾಯಾಳು ಬಹಳ ಹೊತ್ತು ಅತ್ತಳು. ಆಮೇಲೆ ಹೇಳಿದಳು. ಅಕ್ಕನ ಔಷಧ ನೀರಿನಲ್ಲಿ ಕರಗುತ್ತಿರಲಿಲ್ಲ. ಅದನ್ನು ಒಂದು ದ್ರಾವಕದಲ್ಲಿ ಕರಗಿಸಿ ಕ್ಯಾನ್ಸರ್ ಕೋಶಗಳಿಗೆ ಹಾಕುತ್ತಿದ್ದಳು; ಕೋಶಗಳು ಸಾಯುತ್ತಿದ್ದವು. ಇವಳು ಔಷಧ ಬಿಟ್ಟು, ಬರೀ ದ್ರಾವಕವನ್ನು ಅಷ್ಟೇ ಪ್ರಮಾಣದಲ್ಲಿ ಹಾಕಿ ನೋಡಿದಳು. ಆಗಲೂ ಸತ್ತವು; ಅಂದರೆ ಕೊಲ್ಲುತ್ತಿದ್ದುದು ಅಕ್ಕನ ಔಷಧವಲ್ಲ. ಕಳೆದ ತಿಂಗಳು ತುಂಬಿದ ಸಭೆಯಲ್ಲಿ ಎದ್ದು ನಿಂತು ಅದನ್ನು ಹೇಳಿದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಕೋಣೆ ಅಕ್ಕನನ್ನು ನೋಡಿ ನಕ್ಕಿತು.

“ಸಭೆಗೆ ಮೊದಲೇ ಅವರಿಗೆ ಹೇಳಬಾರದಿತ್ತಾ?”

“ಹೇಳಿದ್ದೆ ಸಾರ್. ಅಕ್ಕ ಒಬ್ಬರೇ ಇದ್ದಾಗ. ನೋಡೋಣ ಅಂದ್ರು. ನೋಡ್ಲೇ ಇಲ್ಲ.”

ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹದಿಮೂರರಂದು ಬಂತು: ಈಥರ್. ಅಕ್ಕನನ್ನು ಠಾಣೆಗೆ ಕರೆಸಿದರು.

“ಆ ಪೆಟ್ಟಿಗೆ ವರ್ಷಗಟ್ಟಲೆ ಅದೇ ಮೇಜಿನ ಮೇಲಿತ್ತು. ಅವತ್ತೇ ಯಾಕೆ ಎತ್ತಿಸಿದ್ರಿ?”

“ಜಾಗ ಸಾಲದಾಗಿತ್ತು.”

“ಯಾವುದಕ್ಕೆ? ಬೆಂಕಿಗಾ?”

ಏಳಲು ಹೋದ ಅಕ್ಕನನ್ನು ಇನ್‌ಸ್ಪೆಕ್ಟರ್ ಕೈಸನ್ನೆಯಲ್ಲೇ ಕೂರಿಸಿದರು.

“ಕೋಶಗಳನ್ನ ಜೋಪಾನ ಮಾಡಿದ್ರಿ. ಹುಡುಗಿಯನ್ನ ಬಿಟ್ರಿ.”

“ಪೈಪೆಟ್ ಹಿಡಿಯೋಕೂ ಬರ್ತಿರ್ಲಿಲ್ಲ ಅವಳಿಗೆ!” ಅಕ್ಕ ಮೇಜಿಗೆ ಗುದ್ದಿದಳು. “ಕೈ ಹಿಡಿದು ಕಲಿಸಿದವಳು ನಾನು. ಬಾಟಲಿ ಬದಲಾಯಿಸಿದವಳೂ ನಾನೇ. ಬರ್ಕೊಳ್ಳಿ. ಹೆದರಲಿ, ಕೆಲಸ ಬಿಟ್ಟು ಹೋಗಲಿ ಅಂದ್ಕೊಂಡೆ. ಅಷ್ಟು ಸುಡುತ್ತೆ ಅಂದ್ಕೊಂಡಿರ್ಲಿಲ್ಲ.”

“ಈಥರ್ ಎಷ್ಟು ಸುಡುತ್ತೆ ಅಂತ ನಿಮಗೆ ಗೊತ್ತಿರ್ಲಿಲ್ವಾ?”

ಸಂಜೆ ನಾಲ್ಕಕ್ಕೆ ಅಕ್ಕ ಬಂಧನದ ಪತ್ರಕ್ಕೆ ಸಹಿ ಹಾಕಲು ಪೆನ್ನು ಎತ್ತಿಕೊಂಡಳು.

“ಎಲ್ಲರೆದುರಿಗೆ ಯಾಕೆ ಹೇಳ್ಬೇಕಿತ್ತು?” ಅಂದಳು. “ನನಗೊಬ್ಬಳಿಗೇ ಹೇಳಿದ್ರೆ ಆಗ್ತಿರ್ಲಿಲ್ವಾ?”

“ಮೊದಲು ನಿಮಗೊಬ್ಬರಿಗೇ ಹೇಳಿದ್ಲಂತೆ.”

ಅಕ್ಕ ಪೆನ್ನು ಕೆಳಗಿಟ್ಟಳು.

“ಹೇಳಿದ್ಲು,” ಎಂದಳು. “ಆವಾಗ ಯಾರೂ ನಕ್ಕಿರ್ಲಿಲ್ಲ.”