ಎಂಟನೇ ಕರು

"ಇದನ್ನ ಯಾರು ಹಾಕಿದ್ದು?"

ಆಶಾರಾಣಿ ಡಾಕ್ಟರ ಕೈಯಲ್ಲಿ ಒಂದೇ ಒಂದು ಸೊಪ್ಪಿನ ಕಡ್ಡಿ ಇತ್ತು. ಕಳ್ಳನ ಜುಟ್ಟು ಹಿಡಿದ ಹಾಗೆ ಅದನ್ನು ಎತ್ತಿ ಹಿಡಿದಿದ್ದರು.

"ನಾನಲ್ಲ ಮೇಡಂ," ಎಂದ ಕೀರ್ತಿರಾಜ್. "ನೀವು ಬರ್ಕೊಟ್ಟಿರೋ ಒಣುಲ್ಲು, ಬೂಸಾ ಬಿಟ್ರೆ ಬ್ಯಾರೆ ಏನೂ ಆಕಕಿಲ್ಲ."

"ಮತ್ತೆ ಸೊಪ್ಪು ತಾನೇ ನಡ್ಕೊಂಡು ಬಂತಾ? ಶೆಡ್ಡಿನ ಬೀಗದ ಕೈ ಇರೋದು ನಿಮ್ಮ ಹತ್ರ ಮಾತ್ರ."

ಬಾಗಿಲಲ್ಲಿ ನಿಂತಿದ್ದ ಶೋಭಿತಾ ಒಂದು ಹೆಜ್ಜೆ ಹಿಂದೆ ಸರಿದಳು. ಅವಳ ಸ್ಕೂಲ್ ಬ್ಯಾಗಿನಲ್ಲಿ, ಗಣಿತದ ಪುಸ್ತಕದ ಪಕ್ಕ, ಕರುವಿಗೆಂದು ತಂದ ಇವತ್ತಿನ ಪಾಲಿನ ಹಸಿ ಮೇವು, ಕುದುರೆಮಸಾಲೆ ಸೊಪ್ಪು ಇತ್ತು.

ಅವಳ ಅಪ್ಪ ಕೀರ್ತಿರಾಜ್ ಹಾಸನದ ಹೊರಗಿನ ಈ ಲ್ಯಾಬಿನಲ್ಲಿ ಕರು ನೋಡಿಕೊಳ್ಳುತ್ತಿದ್ದ. ಶಾಲೆ ಬಿಟ್ಟ ಮೇಲೆ ಅವಳು ಇಲ್ಲಿಗೆ ಬಂದು, ಸಂಜೆ ಅಪ್ಪನ ಬೈಕಿನಲ್ಲಿ ತಮ್ಮೂರು ಮೊಸಳೆಗೆ ಹೋಗುತ್ತಿದ್ದಳು.

ಶೆಡ್ಡಿನಲ್ಲಿದ್ದದ್ದು ಸೀಮೆಹಸುವಿನ ಗಂಡುಕರು. ಊರಲ್ಲಿ ಅಂಥದ್ದನ್ನು ಕೇಳುವವರೇ ಇಲ್ಲ. ಇಲ್ಲಿ ದಿನಕ್ಕೆ ನಾಲ್ಕು ಸಲ ಜ್ವರ ನೋಡುತ್ತಿದ್ದರು. ಅದರ ಎದೆಯೊಳಗೆ ನಿಂಬೆಹಣ್ಣಿನಷ್ಟು ಒಂದು ಪಂಪು ಇತ್ತು. ಮುಂದೆ ಅದನ್ನು ಹೃದಯ ಸೋತ ಮನುಷ್ಯರಿಗೆ ಹಾಕಬೇಕು. ಮೊದಲು ಕರುವಿನ ರಕ್ತ ಅದನ್ನು ಒಪ್ಪಬೇಕು. ರಕ್ತಕ್ಕೆ ಹೊಸಬರನ್ನು ಕಂಡರೆ ಆಗದು, ಮುಟ್ಟಿದಲ್ಲೇ ಹೆಪ್ಪುಗಟ್ಟುತ್ತದೆ. ಅದಕ್ಕೇ ರಕ್ತ ತೆಳ್ಳಗಿರಲೆಂದು ದಿನವೂ ಮಾತ್ರೆ.

ಇದು ಆ ಪಂಪು ಹಾಕಿಸಿಕೊಂಡ ಎಂಟನೇ ಕರು; ಬಾಗಿಲ ಮೇಲೆ ಬರೆದದ್ದು ಹೆಸರಲ್ಲ, ಬರೀ ಎಂಟು.

"ಮೂವತ್ತು ದಿವ್ಸ ಆದ್ಮ್ಯಾಲೆ ಇಂಜೆಕ್ಷನ್ ಕೊಟ್ಟು ಮಲಗಿಸ್ಬುಡ್ತಾರೆ ಮಗಾ. ಒಳಗೆ ಎಲ್ಲಾದ್ರೂ ರಕ್ತ ಎಪ್ಪುಗಟ್ಟೈತಾ ಅಂತ ನೋಡ್ಬೇಕಲ್ಲ," ಎಂದು ಅಪ್ಪ ಮೊದಲೇ ಹೇಳಿದ್ದ. "ಅದುಕ್ಕೇ, ಎಸ್ರು ಇಕ್ಬ್ಯಾಡ."

ಶೋಭಿತಾ ಹೆಸರಿಡಲಿಲ್ಲ. ಸೊಪ್ಪು ತಂದಳು. "ಬರೀ ಒಣುಲ್ಲು ತಿಂದ್ರೆ ಕರುನ ನಾಲ್ಗೆ ಸತ್ತೋಯ್ತದೆ ಕಣವ್ವ," ಎಂದು ಅಜ್ಜಿ ಮಾರಮ್ಮ ಮನೆಯ ಹಸುವಿಗೆ ಸೊಪ್ಪು ಕೊಯ್ಯುವಾಗ ಹೇಳುತ್ತಿದ್ದಳು. ಇರುವ ಮೂವತ್ತು ದಿನವಾದರೂ ರುಚಿಯಾಗಿ ತಿನ್ನಲಿ! ಅಪ್ಪ ನೀರು ತರಲು ಹೋದಾಗ ಅವಳು ಬ್ಯಾಗು ತೆರೆಯುತ್ತಿದ್ದಳು. ಜಿಪ್ಪಿನ ಸದ್ದಿಗೇ ಎಂಟು ಎದ್ದು ನಿಲ್ಲುತ್ತಿತ್ತು.

"ಅಪ್ಪ ಅಲ್ಲ ಮೇಡಂ, ನಾನು," ಎಂದಳು ಶೋಭಿತಾ. "ಒಂದು ವಾರದಿಂದ."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ಟೂಲಿನ ಮೇಲೆ ಕೂತುಬಿಟ್ಟರು.

"ಈ ಸೊಪ್ಪಲ್ಲಿ ಒಂದು ವಿಟಮಿನ್ ಇದೆ ಪುಟ್ಟಿ. ಅದು ಮಾತ್ರೆ ಕೆಲಸಾನ ಕೆಡಿಸುತ್ತೆ. ರಕ್ತದ ರಿಪೋರ್ಟ್ ಯಾಕೆ ಹಿಂಗೆ ಬರ್ತಿದೆ ಅಂತ ಒಂದು ವಾರದಿಂದ ನಾನು ಮಷೀನನ್ನ ಬೈತಿದ್ದೆ."

"ಈಗ ನಿಲ್ಸಿದ್ರೆ ಸರಿಹೋಗುತ್ತಾ ಮೇಡಂ?"

"ನೋಡೋಣ."

ದೊಡ್ಡವರ 'ನೋಡೋಣ' ಎಂಥದ್ದೆಂದು ಶೋಭಿತಾಳಿಗೆ ಗೊತ್ತಿತ್ತು.

ಪಂಪು ಹಾಕಿದ ಇಪ್ಪತ್ತೆರಡನೇ ದಿನ ಎಂಟು ಏಳಲಿಲ್ಲ. ಪಂಪಿನೊಳಗೆ ರಕ್ತ ಹೆಪ್ಪುಗಟ್ಟಿತ್ತು.

ಅಪ್ಪ ಅವತ್ತು ಬೈಕನ್ನು ನಿಧಾನ ಓಡಿಸಿದ.

"ತಪ್ಪು ಪಂಪಿಂದೋ ಸೊಪ್ಪಿಂದೋ ಗೊತ್ತಾಗಕಿಲ್ವಂತೆ ಮಗಾ. ಎಂಟುಂದು ಲೆಕ್ಕುಕ್ಕೆ ಬರಕಿಲ್ಲ. ಇನ್ನೊಂದು ಕರ ತತ್ತಾರೆ."

"ಇನ್ನೊಂದಾ?"

"ಊಂ."

ಶೋಭಿತಾ ಅಪ್ಪನ ಬೆನ್ನಿಗೆ ಮುಖ ಒತ್ತಿದಳು. ಊರು ಬರುವವರೆಗೂ ಎತ್ತಲಿಲ್ಲ.

ಸೋಮವಾರ ಟೆಂಪೋದಿಂದ ಒಂಬತ್ತು ಇಳಿಯಿತು. ಹಣೆಯಲ್ಲಿ ಬಿಳಿ ಬೊಟ್ಟು. ಇಳಿದದ್ದೇ, ಯಾರೋ ಹೇಳಿಕೊಟ್ಟ ಹಾಗೆ ನೆಟ್ಟಗೆ ಶೋಭಿತಾಳ ಬಳಿಗೆ ಬಂದು ಬ್ಯಾಗು ಮೂಸತೊಡಗಿತು. ಸೊಪ್ಪಿನ ವಾಸನೆ ಇನ್ನೂ ಹೋಗಿರಲಿಲ್ಲ.

"ಏನೂ ಇಲ್ಲ ಕಣೋ," ಎಂದು ಅವಳು ಎರಡೂ ಕೈ ಬಿಡಿಸಿ ತೋರಿಸಿದಳು.

ಒಂಬತ್ತು ನಂಬಲಿಲ್ಲ. ಖಾಲಿ ಅಂಗೈಗಳನ್ನು ಒಂದೊಂದಾಗಿ ನೆಕ್ಕಿ ನೋಡಿತು. ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಅವತ್ತು ಮನೆಗೆ ಹೋದವಳೇ ಬ್ಯಾಗಿನಿಂದ ಪುಸ್ತಕಗಳನ್ನೆಲ್ಲ ತೆಗೆದಿಟ್ಟು, ಸೋಪು ಹಾಕಿ, ಬ್ಯಾಗನ್ನು ಎರಡೆರಡು ಸಲ ತೊಳೆದಳು.