ವಾಪಸ್ ಬಂದ ಸ್ಪೀಕರ್

"ಅಷ್ಟು ಕೂಗಬೇಡಿ ಸರ್. ಅದೇನು ನಿಮ್ಮ ಜೊತೆ ಜಗಳಕ್ಕೆ ಬಂದಿಲ್ಲ."

ಸ್ಪೀಕರಿಗೆ ಕೂಗಿ ಹೇಳುತ್ತಿದ್ದ ಅವನು ಪೆಚ್ಚಾಗಿ ನಿಂತ. ಹೊರಗಿನ ಟಿ.ವಿ.ಗಳ ಗದ್ದಲ ಒಳಗೆ ಬಾರದಿರಲೆಂದು ಅಂಗಡಿಯ ಹಿಂಭಾಗದಲ್ಲಿ ಕಟ್ಟಿಸಿದ್ದ ಗಾಜಿನ ಕೋಣೆ ಅದು. ಗೂಡಿನಲ್ಲಿ ಸಾಲಾಗಿ ಸ್ಮಾರ್ಟ್ ಸ್ಪೀಕರ್‌ಗಳು. ಎದುರಿಗೆ ನೀಲಿ ಕೋಟಿನ ಹುಡುಗಿ, ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಳು.

"ಮನೇಲಿ ಎಲ್ಲಿ ಇಡ್ತೀರಿ?"

"ನಾನು ಕೆಲಸ ಮಾಡೋ ಮೇಜಿನ ಆ ಕಡೆ. ಕೈಯೆಲ್ಲ ಪ್ಲಾಸ್ಟರ್ ಆಗಿರತ್ತೆ. ಫೋನ್ ಮುಟ್ಟೋ ಹಾಗಿಲ್ಲ, ಗಡಿಯಾರ ಮುಟ್ಟೋ ಹಾಗಿಲ್ಲ. ಬಾಯಲ್ಲಿ ಹೇಳಿದ ತಕ್ಷಣ ಟೈಮರ್ ಇಟ್ರೆ ಸಾಕು."

"ಗಾರೆ ಕೆಲಸವಾ?"

"ಹಲ್ಲಿನ ಕೆಲಸ. ಹಲ್ಲುಸೆಟ್ ಮಾಡ್ತೀನಿ."

ಅವಳು ಥಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದಳು. ತಡವಾಗಿತ್ತು. ಮೇಲಿನ ಸಾಲಿನ ಒಂದು ಹಲ್ಲು ಪಕ್ಕದ್ದರ ಹೆಗಲ ಮೇಲೆ ಕೈಯಿಟ್ಟಂತೆ ತುಸು ಏರಿ ನಿಂತಿದ್ದನ್ನು ಅವನು ಆಗಲೇ ನೋಡಿಬಿಟ್ಟಿದ್ದ. ದಿನವಿಡೀ ಅಳತೆ ಹಿಡಿದು ಹಲ್ಲು ಜೋಡಿಸುವವನಿಗೆ, ಅಳತೆ ತಪ್ಪಿದ ಆ ಒಂದೇ ಹಲ್ಲಿನಿಂದ ಕಣ್ಣು ಕೀಳಲಾಗಲಿಲ್ಲ.

"ಸರಿ ಮಾಡಿಸ್ಕೊಳ್ಳಿ ಅಂತೀರಾ?" ಎಂದಳು, ಬೆರಳ ಸಂದಿಯಿಂದ.

"ಅಪ್ಪಿತಪ್ಪಿಯೂ ಬೇಡ."

ಮಾತು ಬಾಯಿಂದ ಜಾರಿದ ಮೇಲೆ ಅವನ ಕಿವಿ ಕೆಂಪಾಯಿತು. ಅವಳು ಬೇಕೆಂದೇ ಬೆನ್ನು ತಿರುಗಿಸಿ, ಎಲ್ಲಕ್ಕಿಂತ ಚಿಕ್ಕ ಸ್ಪೀಕರನ್ನು ಕೈಗೆತ್ತಿಕೊಂಡಳು.

"ಇದನ್ನ ತಗೊಳ್ಳಿ. ದೊಡ್ಡದಕ್ಕೆ ಗಂಟಲು ದೊಡ್ಡದು, ಅಷ್ಟೇ. ನಿಮಗೆ ಬೇಕಿರೋದು ಕಿವಿ. ಬೇಡ ಅನ್ನಿಸಿದಾಗ ಹಿಂದಿರೋ ಈ ಗುಂಡಿ ಒತ್ತಿದ್ರೆ ಮೈಕ್ ಬಂದ್. ಇಲ್ಲಾಂದ್ರೆ ಮನೆ ಮಾತಿಗೆಲ್ಲ ಕಿವಿ ಕೊಟ್ಟುಕೊಂಡು ಕೂತಿರತ್ತೆ."

"ನಮ್ಮನೇಲಿ ಮಾತಾಡೋದು ಅಮ್ಮ ಒಬ್ಬಳೇ."

"ಮತ್ತೆ ನೀವು?"

"ನನಗೆ ಅಷ್ಟಾಗಿ ಬರಲ್ಲ."

ಅವಳು ಅವನ ಫೋನು ತೆಗೆದುಕೊಂಡು ಸ್ಪೀಕರಿಗೆ ಜೋಡಿಸಿದಳು, ಅವನ ದನಿ ಕಲಿಸಿದಳು, ಟೈಮರ್ ಹೇಳುವುದು ಹೇಗೆಂದು ತೋರಿಸಿದಳು. ಹೊರಗೆ ಬಂದಾಗ ತಾನು ಯಾವ ಬೀದಿಯಲ್ಲಿದ್ದೇನೆಂಬುದೇ ಅವನಿಗೆ ಒಂದು ಗಳಿಗೆ ಹೊಳೆಯಲಿಲ್ಲ.

ಸ್ಪೀಕರ್ ಚಿನ್ನದಂತಿತ್ತು. ಕಷ್ಟ ಇದ್ದದ್ದೇ ಅಲ್ಲಿ. ಅವನು ಪಿಸುಗುಟ್ಟಿದರೂ ಟೈಮರ್ ಇಡುತ್ತಿತ್ತು. ಅಮ್ಮನಂತೂ ಅದನ್ನು ಮಗನ ಲೆಕ್ಕಕ್ಕೇ ಸೇರಿಸಿಕೊಂಡಿದ್ದಳು. "ಒಂದು ಹಳೇ ಹಾಡು ಹಾಕ್ತೀಯಾ ಪುಟ್ಟ? ಸುಸ್ತಾಗಿದ್ರೆ ಬೇಡ ಬಿಡು," ಎಂದು ಅದನ್ನೇ ಕೇಳುತ್ತಿದ್ದಳು; ಅದರ ಹೆಸರು ಹಿಡಿದು ಕರೆದು ಹಾಡಿಸುವುದು ಅವನ ಪಾಲಿಗೆ.

ಮುಂದಿನ ವಾರ ಅವನು ಅದನ್ನು ಮತ್ತೆ ಡಬ್ಬಿಗೆ ತುಂಬಿದ.

"ಏನಾಯ್ತೋ ಅದಕ್ಕೆ? ಬೆಳಿಗ್ಗೆ ಚೆನ್ನಾಗೇ ಮಾತಾಡ್ತಿತ್ತಲ್ಲ!"

"ಅದಕ್ಕೆ ಕಿವಿ ಮಂದ ಅಮ್ಮ."

"ನಿನಗೆ ಬುದ್ಧಿ ಮಂದ," ಎಂದಳು ಅಮ್ಮ.

ಸಣ್ಣಪುಟ್ಟ ರಿಪೇರಿಯಾದರೆ ಅಂಗಡಿಯ ಮುಂಬಾಗಿಲಲ್ಲೇ ನೋಡಿ ಕಳಿಸುತ್ತಿದ್ದರು. ಬದಲಾಯಿಸಿಕೊಡುವುದಾದರೆ ಮಾತ್ರ ಹೊಸ ಸ್ಪೀಕರು, ಮತ್ತೆ ಗಾಜಿನ ಕೋಣೆ, ಮತ್ತೆ ಮೊದಲಿನಿಂದ ಎಲ್ಲವನ್ನೂ ಕಲಿಸಬೇಕು. ಹಾಗಾಗಿ ಅವನು ನೇರ ಮ್ಯಾನೇಜರ್ ಹತ್ತಿರ ಹೋಗಿ, ಜನ್ಮದಲ್ಲಿ ಮಾಡದಷ್ಟು ಜೋರು ಮಾಡಿ, ಬದಲಾಯಿಸಿಕೊಡಿ ಎಂದು ಹಟ ಹಿಡಿದ.

"ಏನು ತೊಂದರೆ, ಹಲ್ಲಿನವರೇ?" ಕೋಣೆಯಲ್ಲಿ ಅವಳು ಕೇಳಿದಳು.

"ನಾನು ಹೇಳೋದು ಅದಕ್ಕೆ ಗೊತ್ತಾಗಲ್ಲ."

"ಕೆಲವರಿಗೆ ಹೇಳದೆಯೂ ಗೊತ್ತಾಗತ್ತೆ. ಇದು ಪಾಪ, ಯಂತ್ರ." ಹಾಗೆಂದು ರೆಪ್ಪೆ ಎತ್ತಿ ಒಮ್ಮೆ ನೋಡಿದಳು. ಆ ನೋಟ ಅವನ ಮುಖದ ಮೇಲೆ ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ನಿಂತು, ಆಮೇಲೆ ಅವಸರವಸರವಾಗಿ ಫೋನಿಗೆ ಇಳಿಯಿತು.

ದಾರಿಯುದ್ದಕ್ಕೂ ಹದ ಮಾಡಿಕೊಂಡು ಬಂದಿದ್ದ ಮಾತು ಬಾಯಿಗೆ ಬರುವ ಮೊದಲೇ ಪ್ಲಾಸ್ಟರಿನಂತೆ ಗಟ್ಟಿಯಾಯಿತು. ಅವನು ವೈರಿನ ತುದಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

ಹೊಸ ಸ್ಪೀಕರ್ ಮಾತ್ರ ನಿಜವಾಗಿಯೂ ಕಿವುಡು. ಮೇಜಿನಿಂದ ಅರಚಿದರೂ ದೀಪ ಮಿನುಗುತ್ತಿರಲಿಲ್ಲ. ಅವನಿಗೋ ಹಬ್ಬ. ಈ ಸಲ ಸುಳ್ಳು ಹೇಳಬೇಕಿಲ್ಲ! ಮತ್ತೆ ಮ್ಯಾನೇಜರ್, ಮತ್ತೆ ಜೋರು, ಮತ್ತೆ ಗಾಜಿನ ಕೋಣೆ. ಅವಳು ಅವನನ್ನು ನೋಡಿ ಮೊದಲು ಅರಳಿದಳು. ಮ್ಯಾನೇಜರ್ ಕೈಯ ಹೊಸ ಡಬ್ಬಿ ಕಂಡೊಡನೆ ಯಾಕೋ ಬಾಡಿದಳು. ಅವನು ಅರಳಿದ್ದನ್ನಷ್ಟೇ ಮನೆಗೆ ಕೊಂಡೊಯ್ದ.

ಆ ಸ್ಪೀಕರ್ ಕೂಡ ಕಿವುಡಾಗಿತ್ತು. ಅದನ್ನು ಹೊತ್ತು ಹೋದ ದಿನ ಗಾಜಿನ ಕೋಣೆಯಲ್ಲಿ ನೀಲಿ ಕೋಟು ಬೇರೆ ಯಾರದೋ ಮೈಮೇಲಿತ್ತು.

"ಅವಳನ್ನ ತೆಗೆದುಬಿಟ್ರಪ್ಪ," ಎಂದರು ಕ್ಯಾಷಿನಲ್ಲಿ ಕೂರುವ ಹೆಂಗಸು. "ವಾಪಸ್ ಬಂದ ಸಾಮಾನೆಲ್ಲ ಮಾರಿದವರ ತಲೆಗೇ. ಈ ತಿಂಗಳು ಕೆಲಸ ಕಾಯಂ ಆಗಬೇಕಿತ್ತು ಹುಡುಗಿಗೆ. ಒಂದು ಸ್ಪೀಕರ್ ನೆಟ್ಟಗೆ ಮಾರೋಕೆ ಬರಲ್ಲ ಅಂದ್ರು."

ಅವನು ಮ್ಯಾನೇಜರ್ ಎದುರು ನಿಂತು, ಮೊದಲನೆಯದು ಚೆನ್ನಾಗಿತ್ತು ಎಂದ.

"ಚೆನ್ನಾಗಿತ್ತಾ? ಮತ್ತೆ ಯಾಕ್ರೀ ವಾಪಸ್ ತಂದ್ರಿ?"

ಅವನು ತಲೆ ತಗ್ಗಿಸಿದ. ಮ್ಯಾನೇಜರಿಗೆ ಅರ್ಥವಾಯಿತು. ಅರ್ಥವಾದ್ದರಿಂದ ಏನೂ ಬದಲಾಗಲಿಲ್ಲ. "ಮೇಲಿನವರು ತೀರ್ಮಾನ ಮಾಡಿ ಆಯ್ತು. ಈಗ ನನ್ನ ಕೈಲಿಲ್ಲ."

ಅವನು ಕಿವುಡು ಸ್ಪೀಕರನ್ನು ಬದಲಾಯಿಸದೆಯೇ ಮನೆಗೆ ಹೊತ್ತು ತಂದ. ಎರಡು ದಿನ ಕಳೆದು ಅವಳೇ ಅವನ ಮನೆಗೆ ಬಂದಳು. ಸ್ಪೀಕರಿನ ಬಿಲ್ಲಿಗೆಂದು ಕೊಟ್ಟಿದ್ದ ವಿಳಾಸ ಅವಳಿಗೆ ನೆನಪಿತ್ತು. ಅವನು ಆಗಷ್ಟೇ ಬಟ್ಟಲಲ್ಲಿ ಪ್ಲಾಸ್ಟರ್ ಕಲಸುತ್ತಿದ್ದ. ಅಮ್ಮ ಬಾಗಿಲು ತೆಗೆದು, "ಬಾಮ್ಮ, ಅಂಗಡಿ ಹುಡುಗಿ ತಾನೇ? ಇವನು ಹೇಳ್ದೇ ಇದ್ರೂ ನಂಗೆ ಗೊತ್ತು," ಎಂದು ಬಾಯ್ತುಂಬ ನಕ್ಕು, ಕುಡಿಯಲು ಏನಾದರೂ ತರುವೆನೆಂದು ಒಳಗೆ ಹೋದಳು.

"ಫೋನ್ ಕೊಡಿ," ಎಂದಳು ಅವಳು. ನೀಲಿ ಕೋಟಿಲ್ಲದೆ ಚಿಕ್ಕವಳಾಗಿ ಕಂಡಳು. ಅವನು ಮೇಜಿನ ಮೇಲಿದ್ದ ಫೋನಿನ ಕಡೆ ತೋರಿಸಿದ, ಅವಳೇ ಎತ್ತಿಕೊಂಡಳು. "ಎಷ್ಟು ಮೆಲ್ಲಗೆ ಕರೆದರೆ ಓಗೊಡಬೇಕು ಅಂತ ಇಲ್ಲಿ ಒಂದು ಗೆರೆ ಇದೆ, ನೋಡಿ. ಇದನ್ನ ನಾನೇ ಕೆಳಗೆ ಎಳೆದು ಕಳಿಸಿದ್ದೆ. ಎರಡು ಸಲವೂ."

ಅವನು ಕಲಸುತ್ತಿದ್ದ ಚಮಚವನ್ನು ಬಟ್ಟಲಲ್ಲೇ ಬಿಟ್ಟ.

"ಕೇಳಿಸ್ತಿಲ್ಲ ಅಂತ ರಿಪೇರಿಗೆ ಬರ್ತೀರಿ, ಮುಂಬಾಗಿಲಿಗೆ ನನ್ನನ್ನೇ ಕರೀತಾರೆ, ಗೆರೆ ಮೇಲೆ ಎಳೆದು ಕೊಡೋದು, ಅಷ್ಟೇ ಅಂದ್ಕೊಂಡೆ. ರಿಪೇರಿಗೆ ಬಂದ್ರೆ ನನ್ನ ತಲೆಗೆ ಬರಲ್ಲ. ನೀವು ನೋಡಿದ್ರೆ ಪ್ರತಿ ಸಲ ಮ್ಯಾನೇಜರ್ ಹತ್ರ ಹೋಗಿ ಬದಲಾಯಿಸಿ ಅಂತ ರಂಪ!"

"ಬದಲಾಯಿಸಿದ್ರೆ ನಿಮ್ಮ ಜೊತೆ ಜಾಸ್ತಿ ಹೊತ್ತು ಕೂರಬಹುದು ಅಂತ..." ಎಂದ ಅವನು.

ಅವಳು ನಕ್ಕಳು. ಈ ಸಲ ಬಾಯಿಗೆ ಕೈ ಅಡ್ಡ ಬರಲಿಲ್ಲ. ನಗು ಅರ್ಧಕ್ಕೇ ತುಂಡಾಯಿತು.

"ನಾನು ನಿಮ್ಮ ಮನೆಗೆ ಬಂದು ಮಾತಾಡ್ತೀನಿ. ಇವತ್ತೇ."

"ಯಾರ ಹತ್ರ? ಅಣ್ಣನ ಹತ್ರವಾ? ನನ್ನ ಕೆಲಸ ಕಾಯಂ ಆದ್ರೆ ನನ್ನಿಷ್ಟದಂತೆ ಮದುವೆ, ಇಲ್ದಿದ್ರೆ ತಾನು ಹೇಳಿದ ಕಡೆ ಅಂತ ಅಣ್ಣ ಹೇಳಿದ್ದ. ನಾನೂ ಒಪ್ಪಿದ್ದೆ. ಅಣ್ಣ ಆಡಿದ ಮಾತಿಗೆ ತಪ್ಪೋನಲ್ಲ, ಅಪ್ಪ ಹೋದ ಮೇಲೆ ನನ್ನನ್ನ ಸಾಕಿದ್ದೂ ಅವನೇ. ಮೊನ್ನೆ ಗಂಡಿನವರು ಬಂದಿದ್ರು. ನಾನು ಹೂಂ ಅಂದಾಯ್ತು."

"ಯಾಕೆ ಅಂದ್ರಿ?"

"ಬೇಡ ಅನ್ನೋಕೆ ಇದ್ದ ಒಂದು ಕಾರಣ ಕೆಲಸದ ಜೊತೆ ಹೋಯ್ತು. ಇನ್ನೊಂದು ಕಾರಣ ಇದೆ ಅಂತ ಹೇಳೋಣ ಅಂದ್ರೆ..." ಅವಳು ಗೋಡೆ ನೋಡಿದಳು. "ಮೇಜಿನ ಮೇಲಿನ ಯಂತ್ರಕ್ಕೆ ದಿನಕ್ಕೆ ಹತ್ತು ಸಲ ಹೇಳ್ತೀರಿ. ನನಗೆ ಒಂದು ಸಲ ಬಾಯಿಬಿಟ್ಟು ಹೇಳಿದ್ರಾ? ಏನಂತ ಹೇಳಲಿ ಅಣ್ಣನಿಗೆ? ಯಾರೋ ಗಿರಾಕಿ ಚೆನ್ನಾಗಿ ನೋಡ್ತಾರೆ ಅಂತಲಾ?"

"ಈಗ ಹೇಳ್ತೀನಿ."

"ಬೇಡ. ಹೇಳಿದ್ರೆ ಅದನ್ನೂ ಹೊತ್ಕೊಂಡು ಹೋಗ್ಬೇಕಾಗತ್ತೆ."

ಅವಳು ಗೆರೆಯನ್ನು ಮೇಲೆ ಎಳೆದು, ಫೋನನ್ನು ಅವನ ಅಂಗಿಯ ಜೇಬಿಗೆ ತಾನೇ ಇಳಿಬಿಟ್ಟಳು. ಅವನ ಕೈ ಪ್ಲಾಸ್ಟರಾಗಿತ್ತಲ್ಲ. ಆಮೇಲೆ ಬಾಗಿಲ ಬಳಿ ಹೋಗಿ ನಿಂತಳು. "ಹೋಗಿ, ನಿಮ್ಮ ಜಾಗದಲ್ಲಿ ಕೂತು ಮೆಲ್ಲಗೆ ಹೇಳಿ. ಸರಿಯಾಯ್ತಾ ನೋಡೋಣ."

ಅವನು ಹೋಗಿ ಕೂತ. ಬೆನ್ನು ಅವಳ ಕಡೆಗಿತ್ತು. ತುಟಿ ಅಲುಗಿತು.

"ಹೋಗ್ಬೇಡಿ."

ಸ್ಪೀಕರಿನ ದೀಪ ಮಿನುಗಲಿಲ್ಲ.

"ಅದರ ಹೆಸರು ಹಿಡಿದು ಕರೀಬೇಕು," ಎಂದಳು ಅವಳು. ದನಿ ಒಡೆದಿತ್ತು.

"ಅದಕ್ಕೆ ಹೇಳಿದ್ದಲ್ಲ."

"ಕೇಳಿಸ್ತು," ಎಂದಳು. ಆಮೇಲೆ ಚಪ್ಪಲಿ ಮೆಟ್ಟುವ ಸದ್ದು, ಗೇಟಿನ ಸದ್ದು.

ಬಟ್ಟಲಲ್ಲಿ ಪ್ಲಾಸ್ಟರ್ ಕಲ್ಲಾಗಿ, ಚಮಚ ಅದರ ನಡುವೆ ನೆಟ್ಟಗೆ ನಿಂತುಬಿಟ್ಟಿತ್ತು. ಅಮ್ಮ ಲೋಟ ಹಿಡಿದು ಬಂದು ಖಾಲಿ ಬಾಗಿಲು ನೋಡಿದಳು.

"ಅಷ್ಟು ಬೇಗ ಹೋದಳಾ? ಪುಟ್ಟ, ಒಂದು ಹಾಡು ಹಾಕು ನೋಡೋಣ."

ಅಡುಗೆಮನೆಯ ಹೊಸ್ತಿಲಿನಿಂದ ಮೆಲ್ಲಗೆ ಅಂದದ್ದಷ್ಟೇ. ಬರಿ 'ಪುಟ್ಟ' ಎಂದರೆ ಅದು ಓಗೊಡುವುದಿಲ್ಲ; ಅವನು ತಾನೇ ಅದರ ಹೆಸರು ಹಿಡಿದು ಕರೆದು, ಹಾಡು ಹಾಕಲು ಹೇಳಿದ. ದನಿ ಬಹಳ ಸಣ್ಣದಾಗಿತ್ತು. ಆದರೂ ಸ್ಪೀಕರ್ ಕೇಳಿಸಿಕೊಂಡು ಹಾಡತೊಡಗಿತು.

"ಅಬ್ಬ, ಸರಿಹೋಯ್ತು!" ಅಮ್ಮ ಲೋಟವನ್ನು ಮೇಜಿನ ಮೇಲಿಟ್ಟಳು. "ಒಳ್ಳೇ ಹುಡುಗಿ ಕಣೋ. ಇನ್ನೊಂದು ಸಲ ಕೆಟ್ಟರೆ ಅವಳನ್ನೇ ಕರಿ."

"ಇನ್ನು ಕೆಡಲ್ಲ ಅಮ್ಮ," ಎಂದ ಅವನು.